ಬೆಂಕಿ ಆರಿದ ಮೇಲೂ ಸುಡ್ತಿದ್ದ ನೆಲ

2019ರ ಫೆಬ್ರವರಿ 24, ಭಾನುವಾರ. ಬಂಡೀಪುರ ಹೊತ್ತಿ ಉರೀತಿದೆ ಅಂತ ಹಿಂದಿನ ದಿನದಿಂದ ಫೋನಿಗೆ ವಿಡಿಯೋ ಬರ್ತಾನೇ ಇದ್ವು. ಟಿವಿ ಹಾಕಿದ್ರೆ ಬೆಂಗಳೂರಿನ ಏರ್ ಶೋ ಪಾರ್ಕಿಂಗಲ್ಲಿ ಸುಟ್ಟ ಕಾರುಗಳದ್ದೇ ಸುದ್ದಿ. ಮನಸ್ಸು ತಡೀಲಿಲ್ಲ, ನಾಲ್ಕು ಜನ ಕತ್ತಲಲ್ಲೇ ಹೊರಟ್ವಿ.

ಗುಂಡ್ಲುಪೇಟೆ ದಾಟಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗಿದ್ರೆ ಬೆಟ್ಟಾನೇ ಕಾಣ್ತಿಲ್ಲ, ಬರೀ ಹೊಗೆ. ನಮ್ಮ ಥರಾನೇ ಬಂದಿದ್ದೋರು ತುಂಬಾ ಜನ ಇದ್ರು. ಎಲ್ರಿಗೂ ಒಂದೊಂದು ಹಸಿ ಸೊಪ್ಪಿನ ಕೊಂಬೆ ಕೊಟ್ಟು ಕಾಡು ಕಾಯೋ ವಾಚರ್ ಒಬ್ರ ಹಿಂದೆ ಕಳಿಸಿದ್ರು. ನಾನು ಜೋರಾಗಿ ಎತ್ತಿ ಬಡಿಯೋಕೆ ಶುರು ಮಾಡ್ದೆ, ಅವರು ಕೈ ಹಿಡಿದು ನಿಲ್ಲಿಸಿದ್ರು, ಹಾಗೆ ಬಡಿದ್ರೆ ಕಿಡಿ ಹಾರಿ ಬೆನ್ನ ಹಿಂದೆ ಹತ್ಕೊಳ್ಳುತ್ತಂತೆ, ಒತ್ತಿ ಉಜ್ಜಬೇಕಂತೆ. "ಹೊಗ ನೋಡ್ಬ್ಯಾಡಿ ಸಾ, ಕಾಲ್ಕೆಳ್ಗ ನೋಡಿ" ಅಂದ್ರು.

ಹೊರಗಿಂದ ಬಂದು ಕಾಡಲ್ಲಿ ಹಬ್ಬಿರೋ ಲಂಟಾನ ಅನ್ನೋ ಕಳೆ ಪೊದೆ ಆಳೆತ್ತರ, ಅದರ ಮಧ್ಯೆ ಎಷ್ಟೋ ವರ್ಷದ ಹಿಂದೆ ಹೂ ಬಿಟ್ಟು ಸತ್ತ ಬಿದಿರು. ಒಂದು ಮೆಳೆಗೆ ಬೆಂಕಿ ತಗುಲಿದ್ರೆ ಗಿಣ್ಣು ಗಿಣ್ಣೂ ಪಟಾಕಿ ಥರ ಸಿಡಿಯೋದು. ಬೆಳಿಗ್ಗೆ ಸುಮ್ನಿದ್ದ ಗಾಳಿ ಮಧ್ಯಾಹ್ನ ಎದ್ದಿದ್ದೇ ತಡ ಬೆಂಕಿ ಇಳಿಜಾರು ಹಿಡಿದು ಮೇಲಕ್ಕೆ ಓಡ್ತು, ನಾವು ಗಂಟೆಗಟ್ಟಲೆ ಆರಿಸಿದ್ದ ಸಾಲನ್ನ ಒಂದೇ ಸಲ ದಾಟಿಬಿಡ್ತು. 2017ರಲ್ಲಿ ಇದೇ ಬಂಡೀಪುರದಲ್ಲಿ ಬೆಂಕಿ ಆರಿಸೋಕೆ ಹೋದ ಗಾರ್ಡ್ ಒಬ್ರು ತೀರ್ಕೊಂಡಿದ್ರು, ಅದು ನೆನಪಾಗಿ ಕೈಕಾಲು ನಡುಗ್ತು. ಹಿಂದಕ್ಕೆ ಬನ್ನಿ ಅಂತ ವಾಚರ್ ಕೂಗಿದ್ರು, ನಾವು ಬಂದ್ವಿ, ಅವರು ಮಾತ್ರ ಕೊನೇಲಿ ಬಂದ್ರು.

ಸಂಜೆ ಸುಟ್ಟ ಜಾಗದಲ್ಲೇ ವಾಪಸ್ ನಡೆದ್ವಿ, ಶೂ ಒಳಗೂ ಕಾವು ತಟ್ತಿತ್ತು. ಆರಿದೆ ಅಂದ್ಕೊಂಡಿದ್ದ ಮೋಟುಮರಗಳ ಒಳಗೆ ಇನ್ನೂ ಕೆಂಡ. ಅಂಥದ್ದೊಂದು ಮುರಿದು ಕೆಳಕ್ಕೆ ಉರುಳಿದ್ರೆ ಕೆಳಗಡೆಯಿಂದ ಮತ್ತೆ ಶುರು, ಅದಕ್ಕೇ ವಾಚರ್‌ಗಳಿಗೆ ರಾತ್ರಿಯೂ ನಿದ್ದೆ ಇಲ್ಲ. ಬಂಡೆ ಪಕ್ಕ ಒಂದು ನಕ್ಷತ್ರ ಆಮೆ ಇತ್ತು. ಬದುಕಿದೆಯೇನೋ ಅಂತ ಎತ್ತಿದೆ, ಹಗುರ ಇತ್ತು, ಒಳಗಿಂದ ಬೂದಿ ಉದುರ್ತು. ಬೆನ್ನ ಮೇಲಿನ ಹಳದಿ ಗೆರೆ ಮಾತ್ರ ಅಲ್ಲಲ್ಲಿ ಉಳಿದಿತ್ತು. ಜಿಂಕೆ, ಆನೆ ಓಡಿರ್ತಾವೆ, ಇದು ಎಲ್ಲಿಗೆ ಓಡುತ್ತೆ?

ಸೋಮವಾರ ವಾಯುಪಡೆ ಹೆಲಿಕಾಪ್ಟರ್ ಬಂದು ನೀರು ಸುರಿದ್ವು. ಆಮೇಲೆ ಉಪಗ್ರಹದ ಲೆಕ್ಕ ಬಂತು, 4,400 ಹೆಕ್ಟೇರ್‌ಗೂ ಜಾಸ್ತಿ. ಪೇಪರಲ್ಲಿ ಅದನ್ನ ಓದಿದಾಗ ನನ್ನ ಕೈಗೆ ಆ ಆಮೆಯ ಹಗುರವೇ ನೆನಪಾಯ್ತು. ಆ ಲೆಕ್ಕದಲ್ಲಿ ಅದೆಲ್ಲಿ ಬರುತ್ತೆ.

ಮಳೆಗಾಲದಲ್ಲಿ ಬೆಟ್ಟಕ್ಕೆ ಹೋಗೋ ಬಸ್ ಹತ್ತಿದ್ದೆ. ಪಕ್ಕದಲ್ಲಿ ಕೂತಿದ್ದೋರು ಎಷ್ಟು ಹಸಿರು ಅಲ್ವಾ ಅಂದ್ರು. ಹುಲ್ಲು ಬಂದಿತ್ತು ನಿಜ. ಆದ್ರೆ ಕರ್ರಗಿನ ಬುಡಗಳಿಂದ ಗುಂಪುಗುಂಪಾಗಿ ಚಿಗುರಿ ಮೊಣಕಾಲೆತ್ತರಕ್ಕೆ ನಿಂತಿದ್ದು ಮತ್ತದೇ ಲಂಟಾನ.