ಮೂಗು ಸುಕ್ಕಾಗುವಷ್ಟು ನಗು

ಹೊಳೆಯುವ ಚರ್ಮ, ಬಿಗಿದ ಮುಖ, ಕದಲದ ಕೂದಲು. ಇಂಥ ಫ್ಯಾಷನ್ ಫೋಟೋಗಳು ನನಗೆ ಯಾವತ್ತೂ ಹಿಡಿಸಿಲ್ಲ. ಬ್ರಿಟಿಷ್ ಫೋಟೋಗ್ರಾಫರ್ ಕೊರಿನ್ ಡೇ ತೆಗೆದವು ಬೇರೆ. 1990ರ ಜುಲೈ ತಿಂಗಳ 'ದಿ ಫೇಸ್' ಪತ್ರಿಕೆಗೆ ಅವರು ಇಂಗ್ಲೆಂಡಿನ ಕೇಂಬರ್ ಸ್ಯಾಂಡ್ಸ್ ಕಡಲತೀರದಲ್ಲಿ ಮಾಡೆಲ್ ಕೇಟ್ ಮಾಸ್ ಫೋಟೋ ತೆಗೆದಿದ್ದರು: ಹದಿಹರೆಯದ ಹುಡುಗಿ, ತಲೆಗೆ ಗರಿಗಳ ಕಿರೀಟ, ಮೂಗು ಸುಕ್ಕಾಗುವಷ್ಟು ಜೋರು ನಗು. ಪಕ್ಕದ್ಮನೆ ಹುಡುಗಿ ಥರಾನೇ ಅಲ್ವಾ? 1993ರಲ್ಲಿ ಡೇ ಬ್ರಿಟಿಷ್ ವೋಗ್ ಫ್ಯಾಷನ್ ಪತ್ರಿಕೆಗಾಗಿ ಕೇಟ್ ಅವರ ಫ್ಲ್ಯಾಟಿನಲ್ಲೇ ಒಳಉಡುಪಿನ ಫೋಟೋ ತೆಗೆದರು. ಗೋಡೆಗೆ ಅಂಟಿಸಿದ ಸೀರಿಯಲ್ ಸೆಟ್ ಲೈಟು, ಮಾಮೂಲಿ ಕೋಣೆ, ಅಷ್ಟೇ. ಹುಡುಗಿ ತೀರಾ ತೆಳ್ಳಗೆ ಕಾಣುತ್ತಾಳೆ ಅಂತ ದೊಡ್ಡ ಗಲಾಟೆಯೇ ಆಯ್ತು. ಆ ಆಕ್ಷೇಪವನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ, ಆದರೆ ಬಟ್ಟೆಗಿಂತ ತೊಟ್ಟವರ ಮೂಡ್ ಜಾಸ್ತಿ ಕಾಣುವ ಫೋಟೋಗಳು ಆಮೇಲೆ ಬೇರೆ ಪತ್ರಿಕೆಗಳಲ್ಲೂ ಬರತೊಡಗಿದವು.