ಪ್ಯೂಪಾ ಮೇಲೆ ಕೂತಿದ್ದ ಕಪ್ಪು ಚುಕ್ಕಿ

ಮಲೆನಾಡಿನ ಒಂದು ಹೋಂಸ್ಟೇಯವ್ರಿಗೆ ಮೊಟ್ಟೆಯಿಂದ ಚಿಟ್ಟೆವರೆಗಿನ ಫೋಟೋ ಬೋರ್ಡ್ ಬೇಕಿತ್ತು, ಅದೂ ಒಂದೇ ಹುಳದ್ದು. ನಾನು ಜಂಬದಿಂದ ಒಂದ್ ತಿಂಗಳು ಸಾಕು ಸಾರ್ ಅಂದ್ಬಿಟ್ಟೆ. ನಮ್ಮ ಟೆರೇಸಲ್ಲಿ ಕುಂಡದ ನಿಂಬೆ ಗಿಡ ಇದೆ, ನಿಂಬೆ ಚಿಟ್ಟೆ ಬಂದು ಮೊಟ್ಟೆ ಇಟ್ಟೋಗ್ತಾನೇ ಇರುತ್ತೆ.

ಮರಿಹುಳದ ಪಾರ್ಟ್ ಆರಾಮಾಗಿ ಆಯ್ತು. ಮೊದ್ಲು ಥೇಟ್ ಹಕ್ಕಿ ಹಿಕ್ಕೆ ಥರ ಇರುತ್ತೆ, ಕೊನೇ ಸಲ ಪೊರೆ ಬಿಟ್ಟ್ಮೇಲೆ ಹಸಿರು, ಮುಟ್ಟಿದ್ರೆ ತಲೆ ಹಿಂದಿಂದ ಕವಲು ಕೊಂಬು ಹೊರಗೆ ಹಾಕಿ ಗಬ್ಬು ವಾಸ್ನೆ ಬಿಡುತ್ತೆ. ಹಾಲುಬಿಳಿ ಪ್ಲಾಸ್ಟಿಕ್ ಡಬ್ಬ ಕತ್ತರಿಸಿ ಫ್ಲ್ಯಾಶ್ ಬೆಳಕು ಮೆತ್ತಗಾಗೋಕೆ ಡಿಫ್ಯೂಸರ್ ಮಾಡ್ಕೊಂಡಿದ್ದೆ, ಹತ್ತಿರದಿಂದ ತೆಗಿಯೋ 100 ಎಂಎಂ ಮ್ಯಾಕ್ರೋ ಲೆನ್ಸ್, ಅದರ ಕಿಂಡಿ ಎಫ್ 11ಕ್ಕೆ ಕಿರಿದು ಮಾಡಿದ್ದೆ. ಲೈಫ್ ಸೈಜಲ್ಲಿ (ಸೆನ್ಸರ್ ಮೇಲೆ ಹುಳದ ನಿಜ ಅಳತೆಯಲ್ಲೇ) ತೆಗೀವಾಗ ಕಿಂಡಿ ಅಷ್ಟು ಮುಚ್ಚಿದ್ರೂ ಶಾರ್ಪ್ ಸಿಗೋದು ಹೆಚ್ಚುಕಮ್ಮಿ 1 ಮಿಮೀ, ಹಂಗಾಗಿ ಉಸಿರು ಬಿಗಿ ಹಿಡ್ಕೊಂಡು ಅದೊಂದನ್ನೇ ನೋಡ್ತಿರ್ತೀವಿ.

ಹುಳ ಕಡ್ಡಿಗೆ ರೇಷ್ಮೆ ಎಳೆಯಿಂದ ಸೀಟ್ ಬೆಲ್ಟ್ ಹಾಕ್ಕೊಂಡ ಹಾಗೆ ಒರಗಿ ಕೂತ್ಕೊಂಡ್ತು, ಆಮೇಲೆ ಪ್ಯೂಪಾ, ಅಂದ್ರೆ ಚಿಟ್ಟೆ ಆಗೋಕೆ ಮುಂಚಿನ ಗೂಡಿನಂಥ ಹಂತ, ಆಯ್ತು. ಅವತ್ತಿನ ಫ್ರೇಮ್‌ಗಳಲ್ಲೆಲ್ಲಾ ಬೆನ್ನ ಮೇಲೊಂದು 2-3 ಮಿಮೀ ಕಪ್ಪು ಚುಕ್ಕಿ. ಇರುವೆನೋ ನೊಣಾನೋ ಅಂತ ಎಡಿಟಿಂಗಲ್ಲಿ ನೀಟಾಗಿ ಅಳಿಸಿ ಕ್ಲೈಂಟಿಗೂ ಕಳ್ಸಿದೆ, ಅವ್ರು ಸೂಪರ್ ಅಂದ್ರು!

ಚಿಟ್ಟೆ ಹೊರಗ್ಬರೋ ಹಿಂದಿನ ದಿನ ಪ್ಯೂಪಾ ಸಿಪ್ಪೆಯೊಳಗಿಂದ ರೆಕ್ಕೆ ಬಣ್ಣ ಕಾಣ್ಬೇಕು. ಎರಡು ವಾರ ಆದ್ರೂ ಕಾಣ್ಲಿಲ್ಲ, ಕಂದು ಬಣ್ಣಕ್ಕೆ ತಿರುಗಿ ಸುಮ್ನಿತ್ತು. ದಿನಾ ಬೆಳಗ್ಗೆ 5ಕ್ಕೆದ್ದು ಟ್ರೈಪಾಡ್ ಹಾಕಿ ಟೀ ಕುಡೀತಾ ಕಾದೆ. ಒಂದಿನ ನೋಡಿದ್ರೆ ಗುಂಡುಸೂಜಿ ಚುಚ್ಚಿದಂಥ ತೂತು, ಅದ್ರೊಳಗಿಂದ ಸಣ್ಣ ಸಣ್ಣ ಕಣಜಗಳು ಒಂದರ ಹಿಂದೊಂದು ಬರ್ತಾನೇ ಇದಾವೆ.

ಎಡಿಟ್ ಮಾಡದ ಮೂಲ ಫೋಟೋ (ರಾ ಫೈಲ್) ತೆಗೆದು ಪೂರ್ತಿ ಜೂಮ್ ಮಾಡಿದ್ರೆ ಅದೇ ಚುಕ್ಕಿ: ಮಂಡಿ ಥರ ಬಾಗಿರೋ ಮೀಸೆ, ಲೋಹದ ಹೊಳಪು. ಕೀಟಶಾಸ್ತ್ರ ಓದಿರೋ ಫ್ರೆಂಡಿಗೆ ಕಳ್ಸಿದ್ರೆ, ಟೆರೋಮಾಲಸ್ ಅನ್ನೋ ಪರಾವಲಂಬಿ ಕಣಜದ ಥರದ್ದು ಕಣೋ, ಹುಳ ಪ್ಯೂಪಾ ಆಗೋದನ್ನೇ ಮೇಲೆ ಕೂತು ಕಾಯುತ್ತೆ, ಸಿಪ್ಪೆ ಮೆತ್ತಗಿರುವಾಗ್ಲೇ ಚುಚ್ಚಿ ಮೊಟ್ಟೆ ಇಡುತ್ತೆ ಅಂದ. ಅಂದ್ರೆ ಇಡೀ ಕಥೆಯ ವಿಲನ್ನನ್ನ ನಾನೇ ಅಳಿಸಿ ಹಾಕಿದ್ದೆ. ಬೇರೆಯವ್ರ ಫೋಟೋ ಆಗಿದ್ರೆ ಬುದ್ಧಿ ಹೇಳ್ತಿದ್ದೆ.

ಕ್ಲೈಂಟಿಗೆ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳಿ ಇನ್ನೊಂದ್ ತಿಂಗಳು ಕೇಳ್ಕೊಂಡೆ. ಈ ಸಲ ಮೂರು ಹುಳ, ಮೂರಕ್ಕೂ ಸೊಳ್ಳೆ ಪರದೆ ಬಟ್ಟೆ, ಮತ್ತೆ ಮೆಮೊರಿ ಕಾರ್ಡ್ ಖಾಲಿ ಮಾಡಿದ್ ದಿನಾನೇ ಪ್ರತಿ ಫ್ರೇಮನ್ನೂ 100%ಗೆ ಜೂಮ್ ಮಾಡಿ ನೋಡೋದು, ಗುರುತು ಸಿಗದ ಯಾವ ಚುಕ್ಕೀನೂ ಅಳಿಸೋ ಹಾಗಿಲ್ಲ. ಬೋರ್ಡಿಗೆ ಹೋಗಿದ್ದು ಅದ್ರಲ್ಲಿ ಎರಡನೇದು. ಕಣಜದ ಫೋಟೋ ನನ್ನ ಫೋನ್ ವಾಲ್‌ಪೇಪರ್ ಆಗಿದೆ, ನೋಡಿದೋರೆಲ್ಲಾ ಸ್ಕ್ರೀನ್ ಒರೆಸೋಕೆ ಹೋಗ್ತಾರೆ.