ಅಮ್ಮನ ಹಿತ್ತಲಿಗೆ ಈ ಸಲ ನಾವೇ ಆಳುಗಳು

ಸ್ಟ್ರೋಕ್ ಆದ ಮೇಲೆ ಅಮ್ಮ ಹಿತ್ತಲಿಗೆ ಇಳಿದಿಲ್ಲ. ಬಲಗೈ ಇನ್ನೂ ಮಾತು ಕೇಳುತ್ತಿಲ್ಲ. ಬಾಯಿ ಮಾತ್ರ ಮೊದಲಿನ ಹಾಗೇ ಇದೆ! ಮಳೆ ಹಿಡಿಯುವ ಮೊದಲು ತರಕಾರಿ ಹಾಕಿ ಮುಗಿಸೋಣ ಅಂತ ಅಣ್ಣ, ತಂಗಿ, ನಾನು ರಜೆ ಹಾಕಿ ತೀರ್ಥಹಳ್ಳಿ ಬಸ್ಸು ಹತ್ತಿದೆವು.

ಅಮ್ಮನ ಕುರ್ಚಿ ಹಿಂದಿನ ಜಗಲಿಗೆ ಬಂತು. ಅಲ್ಲಿಂದಲೇ ಮೇಸ್ತ್ರಿಕೆ. "ಮಡಿ ಇನ್ನೂ ಎತ್ತರ ಮಾಡ್ರೋ, ಆರಿದ್ರಾ ಮಳೇಲಿ ಬೇರು ಕೊಳೆತು ಹೋಗ್ತದೆ." ಸರಿಯೇ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ, ನಮಗೂ ಅದರ ಪಾಲು ಬರುತ್ತದೆ. ನೀರು ಬಸಿಯಲು ಕಾಲುವೆ ತೆಗೆದು, ಸಗಣಿ ಗೊಬ್ಬರ, ಒಲೆ ಬೂದಿ ಬೆರೆಸಿ ಮಣ್ಣು ಏರಿಸಿದೆವು.

ಬೆಂಡೆ ಬೀಜ ತಂಗಿ ರಾತ್ರಿಯೇ ನೆನೆಸಿಟ್ಟಿದ್ದಳು. ಸೌತೆ, ಹೀರೆ ಬೀಜ ಅಮ್ಮನದ್ದೇ, ಹೋದ ವರ್ಷ ಬೂದಿ ಬೆರೆಸಿ ಹಾರ್ಲಿಕ್ಸ್ ಬಾಟಲಿಯಲ್ಲಿ ಎತ್ತಿಟ್ಟಿದ್ದು. ಮೊರದಲ್ಲಿ ಹರಡಿಕೊಂಡು, ಎಡಗೈಯಲ್ಲಿ ಒಂದೊಂದನ್ನೇ ಒತ್ತಿ ನೋಡಿ ಜೊಳ್ಳು ಬೇರೆ ಮಾಡಿದ್ದೂ ಅಮ್ಮನೇ. ವ್ಯಾಯಾಮದ ಚೆಂಡು ಹಿಡಿ ಅಂದರೆ ಸಿಡುಕುವ ಜೀವ, ಮೊರ ಜಾರದ ಹಾಗೆ ಬಲಗೈಯನ್ನೂ ಅದರ ಮೇಲೆ ಇಟ್ಟುಕೊಂಡಿತ್ತು. ತೋಟದಿಂದ ಕಾಯಿಲೆ ವಾಸಿಯಾಗುತ್ತೆ ಅಂತೆಲ್ಲ ನಾನು ಹೇಳಲ್ಲ, ಮಾತ್ರೆ ತಪ್ಪಿಸುವ ಹಾಗಿಲ್ಲ. ಆದರೂ ಮನುಷ್ಯರಿಗೆ ದಿನಾ ಬೈಯೋಕೆ ಒಂದು ಕೆಲಸ ಬೇಕು, ಅಲ್ವಾ?

ಬಸಳೆ ಚಪ್ಪರಕ್ಕೆ ಅಡಿಕೆ ದಬ್ಬೆ ಸಾಕಾಯ್ತು. ಇನ್ನು ಮಂಗಗಳದ್ದೇ ಚಿಂತೆ. ಬಲೆಗೆ ಸುಮ್ನೆ ದುಡ್ಡು ದಂಡ ಅಂತ ಅಮ್ಮನ ವಾದ, ಆದರೆ ಅಣ್ಣ ಆಗಲೇ ಆರ್ಡರ್ ಮಾಡಿಯಾಗಿದೆ. ಬಸಳೆ ಬಳ್ಳಿಯ ತುಂಡು ಜಾಸ್ತಿ ಉಳಿದಿವೆ, ಊರ ಕಡೆ ಇರುವವರು ಬಂದು ತಗೊಂಡು ಹೋಗಿ.